ಪ್ರಿಂಟರಿನ ಮೇಲೆ ಕೇಳಿ ಪಡೆದ ಕೊಸರು

ಆ ಪ್ರಿಂಟರಿಗೆ ನಾನು ಕೊಟ್ಟದ್ದು ನಾಲ್ಕು ಸಾವಿರದ ಐನೂರು ರೂಪಾಯಿ. ಅಂಗಡಿಯವನು ಶುರು ಮಾಡಿದ್ದು ಏಳು ಸಾವಿರದಿಂದ. ಅಷ್ಟು ಇಳಿದದ್ದು ಸುಮ್ಮನೆ ಅಲ್ಲ. ಅದು ಯಾವುದೋ ಮುಚ್ಚಿಹೋದ ಟ್ಯೂಷನ್ ಸೆಂಟರಿನಿಂದ ಬಂದ ಹಳೇ ಮಾಲು. ಹಾಳೆ ಇಡುವ ತಟ್ಟೆಯಲ್ಲಿ ಕೂದಲೆಳೆಯಷ್ಟು ಸೀಳು ಇತ್ತು. ಅದನ್ನು ಮೊದಲು ಕಂಡವನು ನಾನು, ಅಂಗಡಿಯವನಲ್ಲ. ಮೇಲಾಗಿ ನಾನು ಹೋದದ್ದು ತಿಂಗಳ ಕೊನೆಯಲ್ಲಿ. ಅಂಗಡಿ ಬಾಡಿಗೆ ಕಟ್ಟಬೇಕಾದವನ ಮುಂದೆ ಆ ಹೊತ್ತಿನಲ್ಲಿ ನಗದು ಇಟ್ಟರೆ ಮಾತು ಬೇಗ ಮುಗಿಯುತ್ತದೆ. ಇದನ್ನು ನಾನು ಹೊಸೂರು ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸುತ್ತಿದ್ದ ಕಾಲದಲ್ಲೇ ಕಲಿತೆ. ಈಗ ಅದೇ ಮಾರ್ಕೆಟ್ಟಿನಲ್ಲಿ ತರಕಾರಿ ಕ್ರೇಟುಗಳನ್ನು ಬಾಡಿಗೆಗೆ ಕೊಡುತ್ತೇನೆ. ವ್ಯಾಪಾರ ಬೆಳೆದಿದೆ, ಪಾಠ ಬದಲಾಗಿಲ್ಲ.

ಬೆಲೆ ಮುಗಿದ ಮೇಲೆ ಕೊಸರು. ನಮ್ಮ ಕಡೆ ತಕ್ಕಡಿ ಇಳಿದ ಮೇಲೆ ಇನ್ನೊಂದು ಹಿಡಿ ಬೀನ್ಸೋ ಒಂದೆಸಳು ಕರಿಬೇವೋ ಬೀಳದೆ ಯಾರೂ ಚೀಲದ ಬಾಯಿ ಮುಚ್ಚುವುದಿಲ್ಲ. ಹಾಗೆ ಮುಚ್ಚಿದರೆ ಮಾರುವವನಿಗೇ ಅನುಮಾನ ಬರುತ್ತದೆ. ಪ್ರಿಂಟರಿಗೆ ಕೊಸರಾಗಿ ಒಂದು ಬಾಟಲಿ ಇಂಕು ಕೇಳಿದೆ, ಆಗಲ್ಲ ಎಂದು ತಲೆಯಾಡಿಸಿದ. ಒಂದು ಕಟ್ಟು ಹಾಳೆ ಕೇಳಿದೆ, ಮತ್ತೆ ತಲೆಯಾಡಿಸಿದ. ನನ್ನ ಮನೆಯ ಕಂಪ್ಯೂಟರಿನ ಸಿಪಿಯು ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ತಂದಿದ್ದೆ, ಅವನು ಅದಕ್ಕೆ ಪ್ರಿಂಟರನ್ನು ಜೋಡಿಸಿ ತೋರಿಸುತ್ತಿದ್ದ.

"ಅಣ್ಣಾ, ಇದ್ಕೆ ಬೇಕಾಗಿರೋದು ಒಂದು ಡ್ರೈವರ್ ಅಷ್ಟೇ. ಹಾಕ್ಬುಟ್ಟೆ, ಎತ್ಕಂಡ್ ಹೋಗಿ" ಎಂದ.

"ಅಷ್ಟೇನಾ? ಆ ಸೀಡಿಲಿ ಇನ್ನೇನೇನ್ ಐತೆ?"

"ಫೋಟೋ ಆಲ್ಬಮ್, ಕ್ಯಾಲೆಂಡರ್ ಮಾಡೋದು, ಸ್ಕ್ಯಾನು, ಇಂಕ್ ಎಷ್ಟೈತೆ ಅಂತ ನೋಡ್ಕಳೋದು…"

"ಎಲ್ಲಾ ಹಾಕು. ಬೇರೆ ಪ್ರಿಂಟರ್ಗಳ ಸೀಡಿನೂ ಇಟ್ಟಿದ್ದೀಯಲ್ಲ, ಅವುನ್ನೂ ಹಾಕು."

"ಅವು ನಿಮ್ ಪ್ರಿಂಟರ್‌ಗೆ ಬರಲ್ಲ ಅಣ್ಣಾ."

"ನಾಳೆ ಆ ಪ್ರಿಂಟರ್ ತಗಂಡ್ರೆ? ಮತ್ತೆ ಈ ಪೆಟ್ಟಿಗೆ ಹೊತ್ಕಂಡ್ ಬತ್ತೀನಾ? ಹಾಕಯ್ಯ, ನಿನ್ ಗಂಟೇನ್ ಹೋಗ್ತದೆ!"

ಅವನು ಒಮ್ಮೆ ನನ್ನ ಮುಖ ನೋಡಿದ, ನಕ್ಕ, ಹಾಕಿದ. ಇಡೀ ಅಂಗಡಿಯನ್ನೇ ಪೆಟ್ಟಿಗೆಯೊಳಗೆ ತುಂಬಿಸಿಕೊಂಡವನಂತೆ ನಾನು ಮೂಕಂಡಪಲ್ಲಿಯ ಮನೆಗೆ ಬಂದೆ.

ಪ್ರಿಂಟರ್ ಬೇಕಾಗಿದ್ದದ್ದು ನನಗಲ್ಲ, ನನ್ನ ಹೆಂಡತಿಗೆ. ಅವಳ ತವರು ಡೆಂಕಣಿಕೋಟೆ ಕಡೆ. ಆನೆಗಳ ಕಣ್ಣು ತಪ್ಪಿಸಿ ಮನೆ ಸೇರಿದ ಅಲ್ಲಿನ ರಾಗಿಯನ್ನು ತಂದು, ಮೊಳಕೆ ಕಟ್ಟಿ, ಹುರಿದು, ಬೀಸಿಸಿ ಹುರಿಹಿಟ್ಟು ಮಾಡುತ್ತಾಳೆ. ನಮ್ಮ ಬೀದಿಯಲ್ಲಿ ಬೆಳಗಿನ ಶಿಫ್ಟಿಗೆ ಹೋಗುವವರು ಒಂದು ಲೋಟ ಹುರಿಹಿಟ್ಟು ಕುಡಿದೇ ಕಂಪನಿ ಬಸ್ಸು ಹತ್ತುವುದು. ಇಷ್ಟು ವರ್ಷ ಬರೀ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮನೆಮನೆಗೆ ಕೊಡುತ್ತಿದ್ದಳು. ಈ ಸಲ ಬಸ್ ಸ್ಟ್ಯಾಂಡಿನ ಹತ್ತಿರದ ದೊಡ್ಡ ದಿನಸಿ ಅಂಗಡಿಯ ಯಜಮಾನಿ ರುಚಿ ನೋಡಿ ಒಪ್ಪಿ, ಒಂದು ಷೆಲ್ಫಿನಲ್ಲಿ ಜಾಗ ಕೊಡುತ್ತೇನೆ ಎಂದಿದ್ದರು. ಅವರ ಷರತ್ತು ಒಂದೇ. ಪ್ರತಿ ಪ್ಯಾಕೆಟ್ಟಿನ ಮೇಲೆ ತಮಿಳು, ಕನ್ನಡ, ತೆಲುಗು ಮೂರರಲ್ಲೂ ಲೇಬಲ್ ಇರಬೇಕು, ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಮಾಲು ಬಂದಿರಬೇಕು. ಇಲ್ಲವಾದರೆ ಆ ಜಾಗ ಮಸಾಲೆ ಪುಡಿಯವನಿಗೆ. ಅವನೂ ಅದೇ ಷೆಲ್ಫಿನ ಮೇಲೆ ಕಣ್ಣಿಟ್ಟು ದಿನಾ ಬಂದು ಹೋಗುತ್ತಿದ್ದ.

ಪ್ರಿಂಟರ್ ಬಂದ ದಿನದಿಂದಲೇ ಕಂಪ್ಯೂಟರು ಮಂಕಾಗಿತ್ತು. ಪರದೆಯಲ್ಲಿ ಕಿಟಕಿ ತೆರೆಯಲು ಯೋಚಿಸುವುದು, ಅಕ್ಷರ ಒತ್ತಿದರೆ ಸ್ವಲ್ಪ ಹೊತ್ತಾದ ಮೇಲೆ ಮೂಡುವುದು, ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುವುದು. ನಾನು ಧೂಳು ಅಂದೆ, ಆಮೇಲೆ ಸೆಕೆ ಅಂದೆ. ಅವಳು ತಾಳ್ಮೆಯಿಂದ ಆ ಮಂಕು ಯಂತ್ರದಲ್ಲೇ ಲೇಬಲ್ ಬರೆದು ಮುಗಿಸಿದ್ದಳು. ಭಾನುವಾರ ಬೆಳಿಗ್ಗೆ ಅಚ್ಚು ಹಾಕಲು ಕೂತಳು.

ನಾನು ಮಾರ್ಕೆಟ್ಟಿನಿಂದ ಬರುವ ಹೊತ್ತಿಗೆ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನೋಡಿ, ಇದುನ್ನ ಆನ್ ಮಾಡ್ಬುಟ್ಟು ಮುದ್ದೆಗೆ ಎಸರಿಟ್ಟೆ. ಎಸರು ಕುದೀತು, ಹಿಟ್ಟು ಬೆಂತು, ಮುದ್ದೆ ಕಟ್ಟಿದ್ದೂ ಆಯ್ತು. ಇದಿನ್ನೂ ತಿರುಗ್ತಾನೇ ಐತೆ!"

"ಪ್ರಿಂಟ್ ಕೊಟ್ಟಾ?"

"ಕೊಟ್ಟೆ. ಬರ್ಲಿಲ್ಲ. ಮತ್ತೆ ಕೊಟ್ಟೆ. ಕೋಪ ಬಂದು ಇನ್ನೂ ನಾಕು ಸಲ ಒತ್ತಿದ್ದೀನಿ."

ಲೇಬಲ್ ಪ್ರೆಸ್ಸಿನವರು ಭಾನುವಾರ ಶಟರ್ ಎತ್ತುವುದಿಲ್ಲ. ಇದ್ದದ್ದು ಇದೊಂದೇ ದಾರಿ. ಅಷ್ಟರಲ್ಲಿ ಅವಳ ತಮ್ಮ ಬಂದ. ಪಕ್ಕದ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ತಯಾರಾದ ಗಾಡಿಗಳನ್ನು ಪರೀಕ್ಷಿಸುವ ಕೆಲಸ ಅವನದು. ಭಾನುವಾರ ನಾಟಿಕೋಳಿ ಸಾರಿದೆ ಎಂದರೆ ಕರೆಯದೆಯೂ ಬರುತ್ತಾನೆ. ಪರದೆ ನೋಡಿ ಕುರ್ಚಿ ಎಳೆದುಕೊಂಡ.

"ಭಾವ, ಇದು ಮುಗೀತು. ಫಾರ್ಮ್ಯಾಟ್ ಹೊಡ್ಬುಡಾನ. ಎಲ್ಲಾ ಅಳ್ಸಿ ಹೊಸದಾಗಿ ಹಾಕುದ್ರೆ ಜಿಂಕೆ ಹಂಗೆ ಓಡ್ತದೆ."

"ಎಲ್ಲಾ ಅಂದ್ರೆ? ಅದ್ರೊಳ್ಗೆ ನನ್ ಲೇಬಲ್ ಐತೆ ಕಣ್ಲಾ! ಅದುನ್ನ ಅಳ್ಸಿ, ಖಾಲಿ ಪೆಟ್ಟಿಗೆಗೆ ಊದ್ಬತ್ತಿ ಹಚ್ಚಾನಾ?" ಎಂದಳು ಹೆಂಡತಿ. "ಕೈ ಇಟ್ರೆ ಕೋಳಿ ಸಾರು ಇಲ್ಲ, ಹೇಳ್ಬುಟ್ಟಿದ್ದೀನಿ."

ಅವನು ಕೈ ತೆಗೆದ.

ನಾನು ಕಂಪ್ಯೂಟರ್ ಓದಿದವನಲ್ಲ. ಆದರೆ ಮಾರ್ಕೆಟ್ಟಿನ ಗೇಟಿನಲ್ಲಿ ಲಾರಿಗಳು ಕಟ್ಟಿಕೊಂಡರೆ ಏನು ಮಾಡಬೇಕೆಂದು ಗೊತ್ತು. ಲಾರಿ ಬಿಚ್ಚುವುದಿಲ್ಲ, ಮುಂದೆ ಹೋಗಿ ದಾರಿಗೆ ಅಡ್ಡ ನಿಂತವರು ಯಾರು ಎಂದು ನೋಡುತ್ತೇವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿ ಬರುತ್ತದೆ. ಒಳಗೆ ಯಾರು ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಎಷ್ಟು ತಿನ್ನುತ್ತಿದ್ದಾರೆ ಎಂದು ಅದರಲ್ಲಿ ಕಾಣುತ್ತದೆ. ಅದೂ ನಿಧಾನವಾಗಿಯೇ ತೆರೆಯಿತು. ಜಾಸ್ತಿ ತಿನ್ನುವವರು ಮೇಲಕ್ಕೆ ಬರುವ ಹಾಗೆ ಮಾಡಿ ಬಾಮೈದನಿಗೆ ಹೆಸರು ಓದಲು ಹೇಳಿದೆ.

ಓದುತ್ತಾ ಹೋದವನು ನಗಲು ಶುರು ಮಾಡಿದ. "ಭಾವ, ಇದೇನ್ ಪ್ರಿಂಟರ್ ಅಂಗ್ಡಿನಾ? ಇರೋದೊಂದು ಪ್ರಿಂಟರು. ಇಲ್ಲಿ ನಾಕು ಪ್ರಿಂಟರ್ಗಳ ಆಳುಗಳು ಕೂತವ್ರೆ!"

ಮೇಲಿದ್ದ ಒಂದನ್ನು ಆರಿಸಿ 'ಎಂಡ್ ಟಾಸ್ಕ್' ಒತ್ತಿದೆ. ಫ್ಯಾನಿನ ಕೂಗು ಒಂದು ದನಿ ಇಳಿಯಿತು. ಎರಡನೆಯದನ್ನು ನಿಲ್ಲಿಸಿದೆ, ಇನ್ನೊಂದು ದನಿ ಇಳಿಯಿತು. ಮೂರನೆಯದು ನಿಂತಾಗ ಅಡುಗೆಮನೆಯಲ್ಲಿ ಕುಕ್ಕರ್ ಸದ್ದು ಕೇಳಿಸಿತು. ಅಲ್ಲಿಯವರೆಗೆ ಅದು ಕೂಗುತ್ತಿದ್ದದ್ದೇ ನಮಗೆ ಗೊತ್ತಿರಲಿಲ್ಲ.

ಪ್ರಿಂಟರ್ ಕೊಟ್ಟ ಅಂಗಡಿಯವನಿಗೆ ಫೋನ್ ಮಾಡಿ, ಮಾಲು ಸರಿಯಿಲ್ಲ ಎಂದು ದಬಾಯಿಸಲು ಹೊರಟೆ. ಬಿಡಿಸಿ ಹೇಳುವ ಮೊದಲೇ ಅವನು ತಮಿಳಿನಲ್ಲಿ ಕೂಗಿದ: "ಅಣ್ಣಾ, ನೀಂಗ ತಾನೇ ಎಲ್ಲಾಂ ಪೋಡ ಸೊನ್ನೀಂಗ!" ಎಲ್ಲಾ ಹಾಕು ಎಂದವರು ನೀವೇ ಅಲ್ಲವೇ ಎಂದು. ಫೋನು ಸ್ಪೀಕರಿನಲ್ಲಿತ್ತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅವನು ಸಮಾಧಾನವಾಗಿ ಬಿಡಿಸಿ ಹೇಳಿದ. ಆ ಸಾಫ್ಟ್‌ವೇರುಗಳು ಕಂಪ್ಯೂಟರ್ ಏಳುವಾಗಲೇ ಜೊತೆಗೆ ಏಳುತ್ತವೆ. ತಮ್ಮ ತಮ್ಮ ಪ್ರಿಂಟರನ್ನು ಹುಡುಕುತ್ತವೆ. ಮನೆಯಲ್ಲಿ ಆ ಪ್ರಿಂಟರೇ ಇಲ್ಲವಲ್ಲ, ಸಿಗದೆ ಮತ್ತೆ ಹುಡುಕುತ್ತವೆ. "ತೆಗ್ದಾಕ್ಬುಡಿ ಅಣ್ಣಾ. ಡ್ರೈವರ್ ಒಂದು ಇರ್ಲಿ."

ತೆಗೆಯುವುದು! ಕೇಳಿ ಪಡೆದ ಕೊಸರನ್ನು ಕೈಯಾರೆ ಬಿಸಾಡುವುದು ನನಗೆ ಅಭ್ಯಾಸವಿಲ್ಲ. ಬೇರೆ ಮಾಡೆಲ್ಲುಗಳ ಮೂರನ್ನು ಹೇಗೋ ತೆಗೆದೆ. ಉಳಿದವುಗಳ ಮುಂದೆ ಬೆರಳು ನಿಂತಿತು.

"ಕ್ಯಾಲೆಂಡರ್ ಮಾಡೋದು ಇರ್ಲಿ. ಹೊಸ ವರ್ಷಕ್ಕೆ ನಮ್ ಕ್ರೇಟ್ ಗಿರಾಕಿಗಳ್ಗೆ ಒಂದೊಂದು ಕ್ಯಾಲೆಂಡರ್ ಕೊಡ್ಬೌದು" ಎಂದೆ.

"ನೀವು? ಪುಕ್ಸಟ್ಟೆ? ಕ್ಯಾಲೆಂಡರು?" ಎಂದಳು. ಬಾಮೈದ ನೆಲ ನೋಡುತ್ತಾ ನಕ್ಕ.

"ಸರಿ, ಅದು ಹೋಗ್ಲಿ. ಫೋಟೋ ಆಲ್ಬಮ್ ಇರ್ಲಿ."

"ನಮ್ ಮದ್ವೆ ಫೋಟೋನೇ ಇನ್ನೂ ಸ್ಟುಡಿಯೋದವ್ನು ಕೊಟ್ಟ ಕವರ್ನಾಗೈತೆ. ಅದ್ಕೆ ಆಲ್ಬಮ್ ತರಕ್ಕೆ ಇಷ್ಟು ವರ್ಷ ಬೆಲೆ ಕುದುರ್ಲಿಲ್ಲ ನಿಮ್ಗೆ."

"ಸ್ಕ್ಯಾನು, ಇಂಕ್ ನೋಡೋದು, ಅವೆರಡಾದ್ರೂ?"

"ಇಂಕ್ ಎಷ್ಟೈತೆ ಅಂತ ಬಾಟ್ಲಿ ನೋಡುದ್ರೆ ಕಾಣಲ್ವಾ? ಸ್ಕ್ಯಾನ್ ಒಂದು ಇಟ್ಕಳಿ. ಅದೂ ನಾನು ಕರುದ್ರೆ ಮಾತ್ರ ಏಳ್ಬೇಕು. ಒಪ್ಪಿಗೆನಾ?"

ಹೊಸೂರು ಮಾರ್ಕೆಟ್ಟಿನಲ್ಲಿ ನನ್ನ ಹತ್ತಿರ ಇಷ್ಟು ಬಿಗಿಯಾಗಿ ವ್ಯಾಪಾರ ಮಾಡಿದವರಿಲ್ಲ. ಒಪ್ಪಿದೆ. ಸ್ಕ್ಯಾನನ್ನು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಮಲಗಿಸಿ, ಡ್ರೈವರ್ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಅಳಿಸಿ, ಕಂಪ್ಯೂಟರನ್ನು ಮತ್ತೆ ಎಬ್ಬಿಸಿದೆವು. ಅವಳು ಒಲೆಯ ಕಡೆ ಒಂದು ಹೆಜ್ಜೆ ಇಡುವಷ್ಟರಲ್ಲಿ ಪರದೆ ತಯಾರಾಗಿತ್ತು. "ಅಯ್ಯೋ, ಎದ್ಬುಡ್ತಲ್ರೀ!" ಎಂದು ವಾಪಸ್ ಓಡಿಬಂದಳು.

ಆದರೂ ಹಾಳೆ ಬರಲಿಲ್ಲ. ಬೆಳಿಗ್ಗೆ ಕೋಪದಲ್ಲಿ ಒತ್ತಿದ್ದೆಲ್ಲ ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ಅಳಿಸೆಂದರೆ ಅಳಿಯುವುದಿಲ್ಲ, ಮುಂದೆಯೂ ಹೋಗುವುದಿಲ್ಲ. ಇಲ್ಲಿ ಬಾಮೈದ ಉಪಯೋಗಕ್ಕೆ ಬಂದ, ಅದನ್ನು ಹೇಳಲೇಬೇಕು. ಅವನ ಕಾರ್ಖಾನೆಯಲ್ಲೂ ಹೀಗಾಗುತ್ತದಂತೆ. ಸರ್ವೀಸಸ್ ಎಂಬ ಪಟ್ಟಿ ತೆರೆದು, ಅದರಲ್ಲಿ ಅಚ್ಚಿನ ಸಾಲು ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ಎಂಬುದನ್ನು ನಿಲ್ಲಿಸಿ, ಸಿಕ್ಕಿಕೊಂಡ ಫೈಲುಗಳನ್ನು ಅದರ ಫೋಲ್ಡರಿನಿಂದ ಖಾಲಿ ಮಾಡಿ, ಮತ್ತೆ ಶುರು ಮಾಡಿದ. ಸಾಲು ಬರಿದಾಯಿತು.

"ಈಗ ಸ್ಟಿಕ್ಕರ್ ಹಾಳೆ ಇಡಕ್ಕಾ" ಎಂದ.

"ತಡಿಯೋ, ಅದುಕ್ಕೆ ದುಡ್ ಕೊಟ್ಟಿದ್ದೀನಿ" ಎಂದು ನಾನು ಮೊದಲು ಬರೀ ಬಿಳಿ ಹಾಳೆ ಇಟ್ಟೆ. ಒಳ್ಳೆಯದೇ ಆಯಿತು. ಲೇಬಲ್ಲು ಒಂದು ಬೆರಳು ಕೆಳಕ್ಕೆ ಜಾರಿ, ತೆಲುಗಿನ ಸಾಲು ಅರ್ಧಕ್ಕೇ ಕತ್ತರಿಸಿಹೋಗಿತ್ತು. ಹಾಳೆಯ ಅಳತೆ ತಪ್ಪಾಗಿತ್ತು. ಅದನ್ನು ಸರಿಮಾಡಿ ಮತ್ತೊಂದು ಬಿಳಿ ಹಾಳೆ, ಅದು ಸರಿ ಬಂದ ಮೇಲೆ ಸ್ಟಿಕ್ಕರ್ ಹಾಳೆ. ಕರಕರ ಎಂದು ಮೊದಲನೆಯದು ಹೊರಬಂತು. ಮೂರು ಭಾಷೆಯಲ್ಲೂ ಹುರಿಹಿಟ್ಟು, ಮೂಲೆಯಲ್ಲಿ ಅವಳೇ ಬರೆದ ರಾಗಿತೆನೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಹೋಗಿ ನೋಡಿದಳು. ಬಂದು ಮತ್ತೊಂದು ಹಾಳೆ ಇಟ್ಟಳು.

ಊಟವಾದ ಮೇಲೆ ಮೂವರೂ ನೆಲದ ಮೇಲೆ ಕೂತು ಅಂಟಿಸಿದೆವು. ಬಾಮೈದ ಅಂಟಿಸಿದ್ದೆಲ್ಲ ವಾಲುತ್ತಿತ್ತು.

"ಇವ್ನು ಕಂಪ್ನಿಲಿ ಕ್ವಾಲಿಟಿ ನೋಡೋನಂತೆ! ಲೋ, ನಿಮ್ ಗಾಡಿಗಳೆಲ್ಲ ಹಿಂಗೇ ಒಂದ್ ಕಡೆ ವಾಲ್ಕಂಡ್ ಓಡ್ತವಾ?"

"ಅಕ್ಕ, ಕೋಳಿ ತಿಂದ್ಮೇಲೆ ಯಾವನ್ ಕೈಯಾದ್ರೂ ವಾಲ್ತದೆ."

ಸೋಮವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಎರಡು ಕ್ರೇಟು ಮಾಲು ಹೇರಿಕೊಂಡು ಹೋದೆವು. ಯಜಮಾನಿ ಆಗ ತಾನೇ ಬಾಗಿಲು ತೆರೆದು ನೀರು ಚಿಮುಕಿಸುತ್ತಿದ್ದರು. ಒಂದು ಪ್ಯಾಕೆಟ್ಟು ಎತ್ತಿ ತಮಿಳನ್ನು ಓದಿದರು. ಒಳಗಿದ್ದ ಕೆಲಸದ ಹೆಂಗಸನ್ನು ಕರೆದು ತೆಲುಗು ಓದಿಸಿದರು. ಕನ್ನಡವನ್ನು ಹೆಂಡತಿಯೇ ಓದಿ ಹೇಳಿದಳು. ಅವರು ತೋರಿಸಿದ್ದು ಷೆಲ್ಫಿನ ಕೆಳಗಿನ ಸಾಲು. ನಾನು ಗಂಟಲು ಸರಿಮಾಡಿಕೊಂಡೆ.

"ನೀವ್ ಸುಮ್ಕಿರಿ" ಎಂದು ಹೆಂಡತಿ ಮುಂದೆ ಬಂದಳು. "ಅಕ್ಕಾ, ಕೆಳಗಿಟ್ರೆ ಇದುನ್ನ ಇಲಿ ನೋಡ್ತದೆ, ಗಿರಾಕಿ ನೋಡಲ್ಲ. ಒಂದ್ವಾರ ಕಣ್ಣಿನ ನೇರಕ್ಕೆ ಇಟ್ ನೋಡಿ. ಓಡ್ದಿದ್ರೆ ನಾನೇ ಬಂದು ಕೆಳಕ್ಕಿಡ್ತೀನಿ."

ಯಜಮಾನಿ ನಕ್ಕು ನಡುವಿನ ಸಾಲಿನ ಶಾಂಪೂ ಸರಿಸಿದರು. ಅವಳು ಒಂದೊಂದೇ ಪ್ಯಾಕೆಟ್ಟನ್ನು ಲೇಬಲ್ ಮುಂದಕ್ಕೆ ಮಾಡಿ ಜೋಡಿಸಿದಳು. ಮಸಾಲೆ ಪುಡಿಯವನು ಬಂದಾಗ ಕೊನೆಯದನ್ನು ಇಡುತ್ತಿದ್ದಳು. ಆ ಷೆಲ್ಫು ಈಗಲೂ ಅವಳದೇ, ವಾರಕ್ಕೆರಡು ಸಲ ತುಂಬಿಸಿ ಬರುತ್ತಾಳೆ.

ನೀವೂ ಮನೆಗೆ ಪ್ರಿಂಟರ್ ತರುವವರಾದರೆ ನನ್ನ ಮಾತು ಕೇಳಿ. ಬೆಲೆಯಲ್ಲಿ ಎಷ್ಟು ಬೇಕೋ ಅಷ್ಟು ಜಗ್ಗಿ, ಇಂಕಿನಲ್ಲಿ ಜಗ್ಗಿ, ಹಾಳೆಯಲ್ಲಿ ಜಗ್ಗಿ. ಸಾಫ್ಟ್‌ವೇರಿನಲ್ಲಿ ಮಾತ್ರ ಡ್ರೈವರ್ ಒಂದು ಸಾಕು ಎನ್ನಿ. ಕಂಪ್ಯೂಟರ್ ಮಂಕಾದರೆ ಫಾರ್ಮ್ಯಾಟ್ ಮಾಡುತ್ತೇನೆ ಎನ್ನುವವರಿಗೆ ಮೊದಲು ಊಟ ಬಡಿಸಿ, ಅಷ್ಟರಲ್ಲಿ ನೀವು ಟಾಸ್ಕ್ ಮ್ಯಾನೇಜರ್ ನೋಡಿ. ಒಂದೊಂದನ್ನೇ ನಿಲ್ಲಿಸಿ ನೋಡಿ, ಎಲ್ಲವನ್ನೂ ಒಟ್ಟಿಗೆ ಬೇಡ. ಹಾಗೆ ಮಾಡಿದರೆ ಕಳ್ಳ ಯಾರೆಂದು ತಿಳಿಯುವುದಿಲ್ಲ. ಹೆಸರು ಗೊತ್ತಿಲ್ಲದ್ದನ್ನು ಮುಟ್ಟಬೇಡಿ, ಕೇಳಿಕೊಂಡು ಮುಟ್ಟಿ. ಹಾಳೆ ಬರದಿದ್ದರೆ ಮತ್ತೆ ಮತ್ತೆ ಒತ್ತಬೇಡಿ. ಸ್ಟಿಕ್ಕರ್ ಹಾಳೆ ದುಬಾರಿ, ಆದ್ದರಿಂದ ಮೊದಲ ಅಚ್ಚು ಯಾವಾಗಲೂ ಬಿಳಿ ಹಾಳೆಯ ಮೇಲೆ. ಅದನ್ನು ಸ್ಟಿಕ್ಕರ್ ಹಾಳೆಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದು, ಗೆರೆಗೆ ಗೆರೆ ಕೂತಿದೆಯೇ ಎಂದು ನೋಡಿಕೊಂಡು ಮುಂದುವರಿಯಿರಿ.