ಕೊನೆಯ ಎಲೆಯವರಿಗೆ ಬರೆದ ಉತ್ತರ

ಆ ಭಾನುವಾರ ಬೆಳಿಗ್ಗೆ ಅಕ್ಕ ಎಂದಿನಂತೆ ಸೆರಗಿನಿಂದ ಕೀಬೋರ್ಡಿನ ಕೆಂಪು ಧೂಳು ಒರೆಸಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಹೊಸಪೇಟೆ ಬಸ್ ನಿಲ್ದಾಣದ ಹತ್ತಿರದ ನೆಟ್ ಸೆಂಟರ್ ಅದು. ಹೊರಗೆ ಅದಿರಿನ ಲಾರಿಗಳು ಸಾಲುಗಟ್ಟಿದ್ದವು. ನಾನು ಆಗ ಮನೆಯಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ಶಿಕ್ಷಕರ ತರಬೇತಿ ಪಡೆಯುತ್ತಿದ್ದೆ. ವಾರವಾರ ಸಹಪಾಠಿಗಳು ತರಬೇತಿಯ ಚರ್ಚಾಪುಟದಲ್ಲಿ ಬರೆದದ್ದನ್ನು ಕಂಪ್ಯೂಟರಿನಲ್ಲಿ ಓದಿ, ಯೋಚಿಸಿ ಉತ್ತರ ಬರೆಯಬೇಕಿತ್ತು. ಅವರಲ್ಲಿ ಒಬ್ಬರ ಮುಖವನ್ನೂ ನೋಡಿರಲಿಲ್ಲ.

"ಪರೀಕ್ಷೆ ಯಾರದ್ರೀ, ತಂಗಿದೋ ನಿಮ್ದೋ?" ಎಂದು ಅಂಗಡಿಯವನು ಕೆಣಕಿದ.

"ಓದೋದು ಆಕಿ, ತಲಿನೋವು ನಂದು," ಎಂದಳು ಅಕ್ಕ.

ನಮ್ಮ ಚಿತ್ತವಾಡ್ಗಿಯಲ್ಲಿ ಯಾರ ಮನೆಯ ಮದುವೆಯಾದರೂ ಬಡಿಸಲು ಅಕ್ಕ ಬೇಕು. ಪಂಕ್ತಿಯ ಕೊನೆಗೆ ಬರುವಷ್ಟರಲ್ಲಿ ಪಾತ್ರೆ ಬರಿದಾಗುತ್ತದೆಂದು ಅವಳು ಆ ತುದಿಯಿಂದಲೇ ಶುರು ಮಾಡುತ್ತಿದ್ದಳು. ಇಲ್ಲಿಯೂ ಹಾಗೆಯೇ. ಎಲ್ಲರೂ ಹೊಗಳಿದ ಬರಹಗಳನ್ನು ನಾನು ಓದಿ ಹೇಳಿದ ಮೇಲೆ, "ಕೊನಿ ಎಲಿ ಯಾರ್ದು ನೋಡು," ಎನ್ನುವಳು. ಯಾರ ಬರಹಕ್ಕೆ ಒಬ್ಬರೂ ಉತ್ತರಿಸಿಲ್ಲ ಎಂದು ಅದರರ್ಥ.

ಆ ದಿನ ಅದು ಬಂಡ್ರಿ ಕಡೆಯ ಒಬ್ಬಾಕೆಯದು. ತನ್ನ ಶಾಲೆಯ ಮಕ್ಕಳು ತಾಯಂದಿರ ಜೊತೆ ಅದಿರು ಆರಿಸಲು ಹೋಗುತ್ತಾರೆ, ಖಾಲಿ ಕೋಣೆಯಲ್ಲಿ ಯಾರಿಗೆ ಕಲಿಸಲಿ ಎಂದು ಬರೆದಿದ್ದಳು. ನಾನು ಪಾಠದ ಪುಸ್ತಕದಿಂದ ಉಪಾಯಗಳನ್ನು ಹುಡುಕತೊಡಗಿದೆ.

ಅಕ್ಕ ತಡೆದಳು. "ಬುದ್ಧಿ ಹೇಳಬ್ಯಾಡ. ಮಕ್ಳು ತಿರುಗಿ ಯಾವಾಗ ಬರ್ತಾವ ಅಂತ ಕೇಳು."

ಹಾಗೆಯೇ ಟೈಪ್ ಮಾಡುತ್ತಿದ್ದಾಗ ಕರೆಂಟ್ ಹೋಯಿತು, ಬರೆದದ್ದೆಲ್ಲ ಅಳಿಸಿತು. ನಾಳೆ ಕಮಲಾಪುರದ ಮದುವೆಗೆ ಬಡಿಸಲು ಹೋಗಿ ಬಂದ ಮೇಲೆ ಮತ್ತೆ ಕೂತು ಬರೆಯೋಣ ಎಂದಳು ಅಕ್ಕ.

ಮರುದಿನ ಆ ದಾರಿಯಲ್ಲೇ ಲಾರಿಯೊಂದು ಅವಳಿದ್ದ ಆಟೋಗೆ ಗುದ್ದಿತು. ಅಕ್ಕ ಉಳಿಯಲಿಲ್ಲ.

ಅವಳ ತಿಥಿಕರ್ಮಗಳೆಲ್ಲ ಮುಗಿದ ಮೇಲೆ ಒಬ್ಬಳೇ ನೆಟ್ ಸೆಂಟರಿಗೆ ಹೋದೆ. ಅಂಗಡಿಯವನು ಎಂದಿನಂತೆ ಎರಡು ಕುರ್ಚಿ ಹಾಕಿ, ಆಮೇಲೆ ನೆನಪಾದವನಂತೆ ಒಂದನ್ನು ಎತ್ತಲು ಹೋದ. ಇರಲಿ ಬಿಡಿ ಎಂದೆ. ಚರ್ಚೆ ಬೇರೆ ವಿಷಯಕ್ಕೆ ಹೊರಳಿತ್ತು. ಬಂಡ್ರಿಯಾಕೆಯ ಮಾತಿನ ಕೆಳಗೆ ಇನ್ನೂ ಯಾರೂ ಬರೆದಿರಲಿಲ್ಲ. ಅಕ್ಕ ಹೇಳಿದ ಪ್ರಶ್ನೆಯನ್ನಷ್ಟೇ ಬರೆದೆ.

ಮುಂದಿನ ವಾರ ಉತ್ತರ ಬಂದಿತ್ತು. ಕತ್ತಲಾಗುವಾಗ ಬರುತ್ತಾರೆ, ಕೆಲವರು ಉಣ್ಣದೆಯೇ ಮಲಗಿಬಿಡುತ್ತಾರೆ, ಇದನ್ನು ಯಾರೂ ಕೇಳಿರಲಿಲ್ಲ ಎಂದು ಬರೆದಿದ್ದಳು.

ಅದನ್ನು ಮೆಲ್ಲಗೆ ಬಾಯಿಬಿಟ್ಟು ಓದಿದೆ. ಮುಂದೆ ಏನು ಕೇಳಬೇಕೆಂದು ಹೇಳಲು ಅಕ್ಕ ಇಲ್ಲ.