ಅಪ್ಪ ಕೂರುತ್ತಿದ್ದ ರೀತಿ

ಮೊನ್ನೆ ಮಾರಿಕುಪ್ಪಂ ರೈಲಿನಲ್ಲಿ ಎದುರಿಗೆ ಕೂತಿದ್ದ ಮುದುಕರೊಬ್ಬರು ಮುಲಾಮಿನ ಡಬ್ಬಿ ತೆಗೆದು ಎದೆಗೆ ಉಜ್ಜಿಕೊಂಡರು. ಆ ಘಾಟಿಗೆ ನೀವಾಗಿದ್ದರೆ ಮುಖ ತಿರುಗಿಸುತ್ತಿದ್ದಿರೇನೋ. ನಾನು ಬಂಗಾರಪೇಟೆಯಲ್ಲಿ ಇಳಿಯುವುದನ್ನೇ ಮರೆತೆ. ಅಲ್ಲಿನ ಶಾಲೆಯ ಡ್ರಾಯಿಂಗ್ ಮೇಡಂ ನಾನೇ; ಅಂದು ತಡವಾಗಿ ಹೋದದ್ದು ಮಕ್ಕಳಿಗೆ ಹಬ್ಬವಾಯಿತು.

ನಮ್ಮ ಅಪ್ಪನ ಮೈಯಿಂದ ಸದಾ ಆ ವಾಸನೆ ಬರುತ್ತಿತ್ತು. ಚಿನ್ನದ ಗಣಿ ಮುಚ್ಚುವವರೆಗೆ ನೆಲದಡಿ ಬಂಡೆ ಕೊರೆದವರು, ಆಮೇಲೆ ಬಂಗಾರಪೇಟೆಯಲ್ಲಿ ಮೂಟೆ ಹೊತ್ತರು. ಎದೆಯೊಳಗೆ ಸೇರಿದ್ದ ಕಲ್ಲಿನ ಧೂಳು ಮಾತ್ರ ಅಲ್ಲೇ ಉಳಿಯಿತು. ನಾನು ಪಿಯುಸಿ ಮುಗಿಸುವ ಹೊತ್ತಿಗೆ ಅಪ್ಪ ಬಚ್ಚಲಿಗೆ ಹೋಗಿಬಂದರೂ ಕೂತು ಸುಧಾರಿಸಿಕೊಳ್ಳಬೇಕಿತ್ತು.

ಆಗಲೇ ನನಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು, ದೂರದ ಉತ್ತರ ಭಾರತದ ಲಿಬರಲ್ ಆರ್ಟ್ಸ್ ಕಾಲೇಜು. ಚರಿತ್ರೆ, ತತ್ವಶಾಸ್ತ್ರ, ಸಾಹಿತ್ಯ ಎಲ್ಲ ಒಟ್ಟಿಗೆ ಓದಿಸುತ್ತಾರೆ, ಊಟ ವಸತಿ ಅವರದೇ. ಇನ್ನೊಂದು ಬೆಂಗಳೂರಿನ ಚಿತ್ರಕಲಾ ಶಾಲೆ. ಬೆಳಗಿನ ರೈಲಿಗೆ ಹೋಗಿ ಸಂಜೆ ಮನೆ ಸೇರಬಹುದು. ಗೋಡೆ, ಹಾಳೆ, ಮೊರದ ಬೆನ್ನು ಯಾವುದನ್ನೂ ಬಿಡದೆ ಗೀಚಿದವಳು ನಾನು. ಓದಿನ ಹುಚ್ಚೂ ಅಷ್ಟೇ ಇತ್ತು. ಎರಡರ ವ್ಯತ್ಯಾಸವನ್ನು ಅವ್ವನಿಗೆ ಒಂದು ಸಂಜೆಯೆಲ್ಲ ವಿವರಿಸಿದೆ. ಸೊಪ್ಪು ಬಿಡಿಸುತ್ತಾ ಎಲ್ಲ ಕೇಳಿಸಿಕೊಂಡ ಅವ್ವ, "ಎಲ್ಡೂ ಆರ್ಟ್ಸೇ ತಾನೆ? ಅತ್ರದ್ದಕ್ಕೆ ಓಗು" ಅಂದಳು. ನನ್ನ ಉಪನ್ಯಾಸದ ಯೋಗ್ಯತೆ ಅಷ್ಟು.

ಅಪ್ಪ ನಗಲಿಲ್ಲ. ಅವ್ವ ಒಳಗೆ ಹೋದ ಮೇಲೆ, "ನಾನ್ ಸಾಯೋದ್ನ ಕಾಯ್ಕಂಡು ಇಲ್ಲಿರ್ಬೇಡ ಕಣಮ್ಮ. ದೂರ ಓಗು, ಓದ್ಕೋ" ಅಂದರು.

"ನಂಗೆ ಚಿತ್ರಾನೇ ಇಷ್ಟ ಕಣಪ್ಪ."

"ಚಿತ್ರಾನೋ, ನಾನೋ? ನಿಜ ಏಳು."

ಎರಡರಲ್ಲಿ ಯಾವುದು ನಿಜವೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಚಿತ್ರಕಲಾ ಶಾಲೆಗೇ ಸೇರಿದೆ. ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಬರೆದು ಕಲಿಯಿರಿ ಎಂದರು. ನಮ್ಮನೆಯಲ್ಲಿ ಒಂದೆಡೆ ಕೂತಿರುತ್ತಿದ್ದವರು ಅಪ್ಪ ಒಬ್ಬರೇ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಅಂಗೈಗಳನ್ನು ಮೊಣಕಾಲಿಗೆ ಊರಿ, ಭುಜ ಮೇಲೆತ್ತಿ ಗಾಳಿ ಎಳೆಯುತ್ತಿದ್ದರು. ನಾನು ಇದ್ದಿಲಿನ ಕಡ್ಡಿಯಲ್ಲಿ ಮತ್ತೆ ಮತ್ತೆ ಅದನ್ನೇ ಬರೆದೆ.

"ಬಂತೇನಮ್ಮ?" ಅನ್ನುತ್ತಿದ್ದರು.

"ಇನ್ನೊಂಚೂರು ಇರಪ್ಪ."

ನನ್ನ ಮೊದಲ ವರ್ಷ ಮುಗಿಯುವ ಮುಂಚೆಯೇ ಹೋಗಿಬಿಟ್ಟರು.

ವಾರ್ಷಿಕ ಪ್ರದರ್ಶನದಲ್ಲಿ ಆ ಚಿತ್ರಗಳನ್ನೇ ತೂಗುಹಾಕಿದರು. ಭುಜದ ರೇಖೆಯಲ್ಲಿ ಎಂಥ ಬಿಗಿಯಿದೆ ಎಂದು ಯಾರೋ ಮೆಚ್ಚಿಕೊಂಡರು. ಅವ್ವನನ್ನೂ ಕರೆದೊಯ್ದಿದ್ದೆ. ಒಂದೊಂದರ ಮುಂದೂ ನಿಂತು ನೋಡಿದಳು. ವಾಪಸು ಬರುವಾಗ, ರೈಲು ಮಾಲೂರು ದಾಟಿದ ಮೇಲೆ ಕೇಳಿದಳು, "ಎಲ್ಲದ್ರಾಗೂ ಉಸಿರು ಎಳೀತಾನೇ ಅವ್ರೆ. ಒಂದ್ರಾಗಾದ್ರೂ ಬಿಡೋದ್ನ ಬರೀಬಾರ್ದಾ?"

ಆ ಮಾತನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ಎಷ್ಟೋ ಸಲ ಬರೆಯಲು ಕೂತೆ, ಆಗಲಿಲ್ಲ. ಅಪ್ಪ ಹಾಯಾಗಿ ಕೂತದ್ದನ್ನು ನಾನು ನೋಡಿದ ನೆನಪೇ ಇಲ್ಲ. ನನಗೆ ಬುದ್ಧಿ ಬರುವ ಹೊತ್ತಿಗೆ ಅವರು ಉಸಿರಿಗೆ ಹೋರಾಡುತ್ತಿದ್ದರು.

ಮೊನ್ನೆ ಸಂಜೆ ಮನೆಗೆ ಬಂದವಳೇ ಅವ್ವನನ್ನು ಕೇಳಿದೆ, "ಮದುವೆಯಾದ ಹೊಸದ್ರಲ್ಲಿ ಅಪ್ಪ ಹೆಂಗೆ ಕೂತ್ಕಂತಿದ್ರು?"

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಕುರ್ಚಿಗೆ ಒರಗಿ, ಕಾಲು ನೀಡಿ, ತಲೆ ಹಿಂದಕ್ಕೆ ಚೆಲ್ಲಿ, ಒಂದು ಕೈಯನ್ನು ಜೋಲುಬಿಟ್ಟಳು. "ಇಂಗೆ. ದೊರೆ ಕೂತಂಗೆ."

ನಾನು ಒಳಗಿನಿಂದ ಕಾಗದ ತರುವಷ್ಟರಲ್ಲಿ ಅವಳು ಅಳುತ್ತಿದ್ದಳು. ಆದರೂ ಕೂತ ರೀತಿ ಬದಲಿಸಲಿಲ್ಲ.

"ಬೇಗ ಬರಿಯೇ" ಅಂದಳು.