ಆಯೇರಿ ಕೊಟ್ಟ ಟಿವಿ ಡಬ್ಬಿ

ನಮ್ಮ ಕಡೆ ಮದುವೆಯಲ್ಲಿ ಆಯೇರಿ ಮಾಡುವುದೆಂದರೆ ಉಡುಗೊರೆಯನ್ನು ಸುಮ್ಮನೆ ಕೈಗಿಟ್ಟು ಬರುವ ಕೆಲಸವಲ್ಲ. ಯಾರು ಏನು ಕೊಟ್ಟರು ಎಂಬುದನ್ನು ಮೈಕಿನಲ್ಲಿ ಕೂಗಬೇಕು, ಊಟದ ಪಂಕ್ತಿಯಲ್ಲಿ ಕುಳಿತವನ ಕಿವಿಗೂ ಅದು ಬೀಳಬೇಕು. ತಂಗಿಯ ಮಗಳ ಮದುವೆ ಲಕ್ಷ್ಮೇಶ್ವರದಲ್ಲಿ ಆದಾಗ ಸೋದರಮಾವನಾದ ನಾನು ಒಂದು ದೊಡ್ಡ ಟಿವಿಯನ್ನೂ, ಅದಕ್ಕೆ ಸಿಕ್ಕಿಸಿದರೆ ಇಂಟರ್‌ನೆಟ್ಟಿನಿಂದ ಸಿನಿಮಾ, ಧಾರಾವಾಹಿ ತೋರಿಸುವ ಒಂದು ಸಣ್ಣ ಡಬ್ಬಿಯನ್ನೂ ಕೊಟ್ಟೆ. ಮೈಕ್ ಹಿಡಿದವರು ನಮ್ಮ ದೂರದ ಸಂಬಂಧಿ, ಸಿಕ್ಕ ಮೈಕನ್ನು ಸುಲಭಕ್ಕೆ ಬಿಡುವ ಮನುಷ್ಯರಲ್ಲ. ಡಬ್ಬಿಯ ರಟ್ಟಿನ ಮೇಲೆ ಅಚ್ಚಾಗಿದ್ದ ಆಪ್‌ಗಳ ಹೆಸರನ್ನೆಲ್ಲ ಒಂದೊಂದಾಗಿ ಓದಿ, “ಇವೆಲ್ಲಾ ಇದರಾಗ ಬರ್ತಾವ್ರಿ, ಸೋದರಮಾವನ ಕಡಿಯಿಂದ!” ಎಂದು ಕೂಗಿದರು. ಮಂದಿ ಚಪ್ಪಾಳೆ ತಟ್ಟಿದರು. ನಾನೂ ಉಬ್ಬಿದೆ, ಸುಳ್ಳು ಯಾಕೆ ಹೇಳಲಿ.

ಹುಡುಗಿ ಮುಂಡರಗಿಯವಳಾದರೂ ಬೆಳೆದದ್ದು ಬೆಟಗೇರಿಯ ನಮ್ಮ ಮನೆಯಲ್ಲೇ, ಸಂಗೀತ ಕಲಿಯುವ ನೆಪದಲ್ಲಿ. ನನಗೆ ಹೆಣ್ಣುಮಕ್ಕಳಿಲ್ಲ. ಬೆಳಿಗ್ಗೆ ಅವಳ ಹಾರ್ಮೋನಿಯಂ ಕೇಳದೆ ಎಪಿಎಂಸಿಯ ನನ್ನ ಅಡತಿ ಅಂಗಡಿಗೆ ಹೊರಟರೆ ಏನೋ ಮರೆತು ಹೋದಂತೆ ಅನಿಸುತ್ತಿತ್ತು. ಅವಳನ್ನು ಕೊಟ್ಟದ್ದು ಶಿರಹಟ್ಟಿಯ ಬಟ್ಟೆ ವ್ಯಾಪಾರದ ಮನೆಗೆ. ಒಳ್ಳೆಯ ಮನೆತನ. ಮದುವೆಗೆ ಮುಂಚೆ ಅವಳು ಕೇಳಿಕೊಂಡದ್ದು ಒಂದೇ, ಮಧ್ಯಾಹ್ನ ಓಣಿಯ ಮಕ್ಕಳಿಗೆ ಹಾಡು ಹೇಳಿಕೊಡಲು ಬಿಡಬೇಕು. ಬೀಗರು ಒಪ್ಪಿದರು. ಆದರೆ ಗಂಡ, ಮಗ ಅಂಗಡಿಗೆ ಹೋದ ಮೇಲೆ ಅವಳ ಅತ್ತೆಗೆ ಮನೆಯಲ್ಲಿ ಒಬ್ಬರೇ ಕೂರಲು ಆಗುವುದಿಲ್ಲ. ಬಾಳೆಹೊಸೂರಿನ ತುಂಬಿದ ಮನೆಯಲ್ಲಿ ಬೆಳೆದವರು ಅವರು, ಮಾತಿಲ್ಲದ ಮಧ್ಯಾಹ್ನ ಅಂದರೆ ಅವರಿಗೆ ಜೀವ ಹೋದಷ್ಟು ಕಷ್ಟ.

ಅಲ್ಲಿ ನನ್ನ ಡಬ್ಬಿ ಕೆಲಸಕ್ಕೆ ಬಂತು. ಒಂದು ಆಪಿನಲ್ಲಿ ಯಾವುದೋ ಭಾಷೆಯಿಂದ ಕನ್ನಡಕ್ಕೆ ಡಬ್ ಆದ ಧಾರಾವಾಹಿ ಇತ್ತು, ಅಣ್ಣತಮ್ಮಂದಿರ ದೊಡ್ಡ ಮನೆಯ ಜಗಳದ್ದು. ಮುಗಿಯುವ ಲಕ್ಷಣವೇ ಇಲ್ಲದ ಕತೆ. ಊಟ ಆಗುತ್ತಲೇ ಅತ್ತೆ ಅದರ ಮುಂದೆ ಕುಳಿತು, “ನೀ ಹೋಗಿ ಬಾ ಯವ್ವಾ, ನನಗ ಇದು ಐತಿ,” ಎನ್ನುತ್ತಿದ್ದರು. ಇವಳು ಚೀಲ ಹೆಗಲಿಗೆ ಹಾಕಿಕೊಂಡು ಮಕ್ಕಳ ಕಡೆ ಹೋಗುತ್ತಿದ್ದಳು. ಆ ಮಧ್ಯಾಹ್ನವೊಂದೇ ಅವಳದು, ಉಳಿದ ದಿನವೆಲ್ಲ ಮನೆಯದು.

ಒಂದು ದಿನ ಅವಳ ಫೋನ್ ಬಂತು. ನಾನು ಗದಗಿನ ಎಪಿಎಂಸಿ ಯಾರ್ಡಿನಲ್ಲಿ ಮೆಣಸಿನಕಾಯಿ ಘಾಟಿಗೆ ಸೀನುತ್ತ ನಿಂತಿದ್ದೆ.

“ಮಾಮಾ, ಆ ಆಪ್ ಹೋಗೇತಿ. ಈ ಸಾಧನದಲ್ಲಿ ಲಭ್ಯವಿಲ್ಲ ಅಂತ ಬರಾಕತ್ತೈತಿ.”

ತಂತಿ ಸಡಿಲಾಗಿರಬೇಕು, ತೆಗೆದು ಸಿಕ್ಕಿಸು ಎಂದೆ. ತೆಗೆದು ಸಿಕ್ಕಿಸಿದರೂ ಅದೇ ಮಾತು. ಕೊನೆಗೆ ಡಬ್ಬಿ ಕೊಂಡ ಅಂಗಡಿಗೇ ಹೋದೆ. ಅಂಗಡಿಯವರು ನಕ್ಕು ಕುರ್ಚಿ ಕೊಟ್ಟರು.

“ಡಬ್ಬಿ ಕೆಟ್ಟಿಲ್ರಿ. ಡಬ್ಬಿ ಮಾಡೋ ಕಂಪನಿಗೂ ಆ ಆಪಿನ ಕಂಪನಿಗೂ ಜಗಳಾ ಬಿದ್ದೈತಿ. ನಮ್ಮ ಡಬ್ಬಿಯಿಂದ ಗಿರಾಕಿ ಬರ್ತಾವು, ನಮಗ ಪಾಲು ಕೊಡ್ರಿ, ಜಾಹೀರಾತಿನಾಗೂ ಕೊಡ್ರಿ ಅಂತಾರ ಇವರು. ನಮ್ಮ ಧಾರಾವಾಹಿ ಇರ್ಲಿಲ್ಲಂದ್ರ ನಿಮ್ಮ ಡಬ್ಬಿ ಯಾರು ತಗೋತಾರ ಅಂತಾರ ಅವರು. ಹಳೇ ಕರಾರು ಮುಗೀತು, ಹೊಸಾದು ಆಗ್ಲಿಲ್ಲ.”

ನಾನು ಅಡತಿ ಅಂಗಡಿಯವನು, ಕಮಿಷನ್ನಿನ ಜಗಳ ನನಗೆ ಯಾರೂ ಕಲಿಸಬೇಕಿಲ್ಲ. ದಲಾಲಿಗೂ ಖರೀದಿದಾರನಿಗೂ ಹತ್ತಿಕೊಂಡರೆ ತಕ್ಕಡಿ ನಿಲ್ಲುತ್ತದೆ, ಮಾಲು ತಂದವನು ಚೀಲದ ಮೇಲೆ ಸುಮ್ಮನೆ ಕೂರುತ್ತಾನೆ. ಆದರೆ ಅಲ್ಲಿ ಮುಖಾಮುಖಿ ಇರುತ್ತದೆ, ಕೊರಳಪಟ್ಟಿ ಹಿಡಿದು ಕೇಳಬಹುದು, ಸಂಜೆಯೊಳಗೆ ಚಹಾ ಕುಡಿಸಿ ರಾಜಿ ಮಾಡಿಸಬಹುದು. ಇಲ್ಲಿ ಯಾರ ಕೊರಳಪಟ್ಟಿ ಹಿಡಿಯಲಿ? ಡಬ್ಬಿಯವರು ಆಪಿನವರನ್ನು ಕೇಳಿ ಎಂದರು. ಆಪಿನವರು ಡಬ್ಬಿಯವರಿಗೆ ನಿಮ್ಮ ಸಿಟ್ಟು ತಿಳಿಸಿ ಎಂದರು. ಸಿಟ್ಟು ತಿಳಿಸಲು ಫೋನ್ ಮಾಡಿದರೆ ರೆಕಾರ್ಡ್ ಮಾಡಿಟ್ಟ ಹೆಣ್ಣು ದನಿಯೊಂದು ನನಗೆ ಧನ್ಯವಾದ ಹೇಳಿತು. ಮೈ ಉರಿಯಿತು.

ಬೇರೆ ಕಂಪನಿಯ ಡಬ್ಬಿಯಲ್ಲಿ ಆ ಆಪ್ ಬರುತ್ತದೆ ಎಂದು ಅಂಗಡಿಯವರು ಹೇಳಿದ್ದರಿಂದ ಒಂದನ್ನು ಕೊಂಡು ಶಿರಹಟ್ಟಿ ಬಸ್ಸು ಹತ್ತಿದೆ. ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಬೀಗರು ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಮುಖ ಸಣ್ಣದು ಮಾಡಿಕೊಂಡರು.

“ಬ್ಯಾಡ್ರಿ ಬೀಗರ. ಆಯೇರಿ ಒಮ್ಮೆ ಆತು, ಮೈಕಿನ್ಯಾಗ ಕೂಗೂದೂ ಆತು. ಈಗ ಮತ್ತ ತಗೊಂಡ್ರ ಬೇಡಿ ಇಸಗೊಂಡ್ರು ಅಂತಾರ ಮಂದಿ.”

“ಹಂಗಾರ ನೀವ ಒಂದ್ ತಗೋರಿ.”

“ಅದು ಹೆಂಗ ಆಗ್ತೈತ್ರಿ? ನಾವ್ ತಗೊಂಡ್ರ ಸೋದರಮಾವ ಕೊಟ್ಟಿದ್ದು ಕೆಲಸಕ್ಕ ಬರ್ಲಿಲ್ಲ ಅಂತ ಊರಿಗೆಲ್ಲಾ ಸಾರಿದಂಗ. ನಿಮ್ಮ ಮರ್ಯಾದಿ ಬ್ಯಾರೆ ಅಲ್ಲ, ನಮ್ಮ ಮರ್ಯಾದಿ ಬ್ಯಾರೆ ಅಲ್ಲ.”

ಇಷ್ಟು ಗೌರವದಿಂದ ಕಟ್ಟಿಹಾಕಿದವರ ಜೊತೆ ಜಗಳವಾದರೂ ಹೇಗೆ ಮಾಡುವುದು? ಅವರ ಜಾಗದಲ್ಲಿ ನಾನಿದ್ದರೂ ಇದನ್ನೇ ಹೇಳುತ್ತಿದ್ದೆ, ಅದೇ ನನಗೆ ಹೆಚ್ಚು ಸಂಕಟ. ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ ಹುಡುಗಿ ನಮ್ಮಿಬ್ಬರ ಮುಖ ನೋಡುತ್ತಿದ್ದಳು. ತಂದ ಡಬ್ಬಿಯನ್ನು ಹಾಗೆಯೇ ವಾಪಸು ತಂದೆ.

ಅವಳ ಹಾಡಿನ ಪಾಠ ಒಮ್ಮೆಲೇ ನಿಲ್ಲಲಿಲ್ಲ. ಅತ್ತೆ ಒಂದು ದಿನ, “ಇವತ್ತೊಂದಿನ ಇರು, ನನಗ ಬ್ಯಾಸರಾಗ್ತೈತಿ,” ಎಂದರು. ಮರುದಿನ ಮಂಡಿನೋವು. ಅದರ ಮರುದಿನ ಯಾರೋ ಬರುವವರಿದ್ದರು. ನಾನು ಫೋನಿನಲ್ಲಿ ಹುಡುಗಿಯ ಮುಂದೆ ಬೀಗತಿಯನ್ನು ಬೈಯತೊಡಗಿದಾಗ ಅವಳೇ ತಡೆದಳು.

“ಯಾರೂ ಬೈದಿಲ್ಲ ಮಾಮಾ. ಬೈದಿದ್ರ ನಾನೂ ಒಂದ್ ಮಾತು ಆಡ್ತಿದ್ದೆ. ಅವರು ಕೈ ಹಿಡದು ಕುಂಡ್ರು ಅಂತಾರ. ಕೈ ಹೆಂಗ ಬಿಡಿಸಿಕೊಳ್ಳಲಿ?”

ಉಪಾಯ ಹುಡುಕಿದವಳೂ ಅವಳೇ. ಮೊಬೈಲಿನಲ್ಲಿ ಆ ಆಪ್ ಬರುತ್ತಿತ್ತು, ಆದರೆ ಕಣ್ಣಿನ ಆಪರೇಷನ್ ಆದ ಅತ್ತೆಗೆ ಅಷ್ಟು ಸಣ್ಣ ಪರದೆ ಆಗುತ್ತಿರಲಿಲ್ಲ. ಅದಕ್ಕೆ ಇವಳೇ ನೋಡಿಕೊಂಡು, ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕತೆ ಹೇಳತೊಡಗಿದಳು. ಕತೆ ಸಿಕ್ಕಿತು, ಅತ್ತೆ ಮಧ್ಯಾಹ್ನ ನೆಮ್ಮದಿಯಾಗಿ ನಿದ್ದೆ ಮಾಡಿದರು, ಪಾಠ ಮತ್ತೆ ಶುರುವಾಯಿತು. ಒಮ್ಮೆ ಹೋದಾಗ ನಾನೂ ಕೇಳಿದೆ. ಹಿರಿಯಣ್ಣನಿಗೆ ಒಂದು ದನಿ, ಕಿರಿಸೊಸೆಗೆ ಒಂದು, ಬಾಗಿಲು ಬಡಿದ ಸದ್ದಿಗೆ ಹಂಚಿನ ಮೇಲೆ ಒಂದು ಏಟು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. ಎಂಥ ಹುಡುಗಿ ಇವಳು ಎಂದು ನನಗೆ ಹೆಮ್ಮೆಯಾಯಿತು.

ಅತ್ತೆಗೂ ಹೆಮ್ಮೆಯಾಯಿತು, ಅವರು ಅದನ್ನು ಓಣಿಗೆ ಹೇಳಿದರು. ಓಣಿಯ ಹೆಂಗಸರಿಗೆ ಬೆಳಿಗ್ಗೆ ಕೆಲಸ ಇರುತ್ತದಲ್ಲ, ಅವರು ಊಟ ಮುಗಿಸಿ ಬರತೊಡಗಿದರು. ಕತೆ ಮಧ್ಯಾಹ್ನಕ್ಕೆ ಸರಿಯಿತು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಎಲೆ ಅಡಿಕೆಯ ತಟ್ಟೆ ಇಟ್ಟರು. ಅವಳ ಮಾವ ಅಂಗಡಿಯಲ್ಲಿ ಗಿರಾಕಿಗಳಿಗೆ, “ನಮ್ಮ ಸೊಸಿ ಕತಿ ಹೇಳೂದು ಕೇಳ್ಬೇಕ್ರಿ ನೀವು,” ಅನ್ನುತ್ತಿದ್ದರಂತೆ. ಹಾಡು ಕಲಿಯುವ ಮಕ್ಕಳು ಬಾಗಿಲಿಗೆ ಬಂದು ಇಣುಕಿ ತಿರುಗಿ ಹೋಗುತ್ತಿದ್ದರು.

“ಇರ್ಲಿ ಮಾಮಾ, ಆಪ್ ಬಂದ್ರ ಎಲ್ಲಾರೂ ಟಿವಿ ಮುಂದ ಕುಂಡ್ರತಾರ. ನಾ ಪಾಠಕ್ಕ ಹೋಗ್ತೇನಿ,” ಎನ್ನುತ್ತಿದ್ದಳು ಹುಡುಗಿ.

ಹೀಗಾಗಿ ನಾನು ಯಾರ್ಡಿನ ಧಾರಣೆ ನೋಡುವ ಮೊದಲು ಆ ಎರಡು ಕಂಪನಿಗಳ ಖಬರ ನೋಡುವವನಾದೆ. ಮಾತುಕತೆ ಮುರಿಯಿತು, ಮತ್ತೆ ಕೂಡಿತು, ಒಬ್ಬರು ಕೋರ್ಟಿಗೆ ಹೋಗುತ್ತೇವೆ ಎಂದರು. ಕಂಡುಕೇಳರಿಯದ ಆ ಕೋಟು ತೊಟ್ಟವರು ಕೈಕುಲುಕಲಿ ಎಂದು ನಾನು ದೇವರಿಗೆ ಕೈಮುಗಿಯುತ್ತಿದ್ದೆ. ಕೊನೆಗೆ ಒಂದು ದಿನ ರಾಜಿಯಾದ ಸುದ್ದಿ ಬಂತು. ಪಾಲು ಎಷ್ಟಕ್ಕೆ ಇತ್ಯರ್ಥವಾಯಿತೋ ಯಾರೂ ಹೇಳಲಿಲ್ಲ. ಹುಡುಗಿಗೆ ಫೋನ್ ಮಾಡಿದರೆ ಅವಳು, “ಬಂದೈತಿ ಮಾಮಾ! ಬಂದೈತಿ!” ಎಂದು ಕೂಗಿದಳು. ಪೇಡೆ ಕಟ್ಟಿಸಿಕೊಂಡು ನಾನೂ ಶಿರಹಟ್ಟಿಗೆ ಹೋದೆ.

ಹೆಂಗಸರೆಲ್ಲ ಸೇರಿದ್ದರು. ಹುಡುಗಿ ಆಗಲೇ ಸೀರೆ ಬದಲಿಸಿ ಚೀಲ ಹೆಗಲಿಗೇರಿಸಿದ್ದಳು. ಮದುವೆಯ ದಿನವೂ ಅವಳ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. ಟಿವಿ ಹಚ್ಚಿ, ಧಾರಾವಾಹಿ ತೆರೆದು, ರಿಮೋಟನ್ನು ಅತ್ತೆಯ ಕೈಗೆ ಕೊಟ್ಟು, “ಬರ್ತೇನ್ರಿ ಅತ್ತಿ,” ಎಂದು ಬಾಗಿಲವರೆಗೆ ಹೋದಳು.

ಅತ್ತೆ ಸ್ವಲ್ಪ ಹೊತ್ತು ನೋಡಿದರು, ಪಕ್ಕದವಳ ಮುಖ ನೋಡಿದರು.

“ಇದೇನ ಇಷ್ಟ ಸಪ್ಪಗೈತಿ? ಇವರು ಪುಸ್ತಕ ಓದಿದಂಗ ಮಾತಾಡ್ತಾರಲ್ಲ.”

“ಹೌದ್ ನೋಡ್ರಿ, ನಿಮ್ಮ ಸೊಸಿ ಹೇಳೂದರಾಗ ಜೀವ ಇತ್ತು,” ಎಂದಳು ಪಕ್ಕದವಳು. ಉಳಿದವರೂ ಹೌದೆಂದರು.

“ಬಾ ಯವ್ವಾ,” ಎಂದು ಅತ್ತೆ ಜಮಖಾನೆಯ ಮೇಲೆ ತಮ್ಮ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು. “ಚಿತ್ರ ಇರ್ಲಿ, ದನಿ ಬಂದ್ ಮಾಡು. ಮಾತು ನೀ ಹೇಳು.”

ಅಷ್ಟು ಅಕ್ಕರೆಯಿಂದ ಹೇಳಿದರು. ಏನಾದರೂ ಅನ್ನಬೇಕೆಂದು ನಾನು ಬಾಯಿ ತೆರೆದೆ. ಹುಡುಗಿ ನನ್ನತ್ತ ಒಮ್ಮೆ ನೋಡಿ ಬೇಡವೆಂದು ತಲೆಯಾಡಿಸಿದಳು. ಚೀಲ ಇಳಿಸಿ ಮೊಳೆಗೆ ತೂಗುಹಾಕಿ, ಟಿವಿಯ ದನಿ ಬಂದ್ ಮಾಡಿ, ಅವರ ಪಕ್ಕ ಕುಳಿತಳು. ಪರದೆಯ ಮೇಲೆ ಯಾರ್ಯಾರೋ ತುಟಿ ಆಡಿಸುತ್ತಿದ್ದರು, ನನ್ನ ಮನೆಯಲ್ಲಿ ಹಾಡು ಕಲಿತ ದನಿಯಲ್ಲಿ ಅವಳು ಅವರೆಲ್ಲರ ಮಾತು ಆಡುತ್ತಿದ್ದಳು.